ಕುದಿಯುವ ಎಂಜಿನ್ನು, ಕೆಟ್ಟ ಹೆಸರು

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮ್ಮ ಹತ್ತಿರ ಒಂದು ಸಣ್ಣ ಟ್ರ್ಯಾಕ್ಟರ್ ಇತ್ತು. ದ್ರಾಕ್ಷಿ ಸಾಲುಗಳ ನಡುವೆ ಹಿಡಿಯುವಷ್ಟು ಗಿಡ್ಡ. ಸೋಲಾಪುರದ ಕಡೆಯವರು ಹತ್ತು ವರ್ಷ ದುಡಿಸಿ ಮಾರಿದ್ದು. ನಮ್ಮ ತೋಟ ಇಂಡಿಯಿಂದ ಸಿಂದಗಿಗೆ ಹೋಗುವ ದಾರಿಯಲ್ಲಿತ್ತು. ದೊಡ್ಡ ಟ್ರ್ಯಾಕ್ಟರ್ ಆ ಸಾಲುಗಳಲ್ಲಿ ತಿರುಗುವುದಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುತ್ತ ಹೋದರೆ ಈ ಮೂಲೆ ಮುಗಿಯುವಷ್ಟರಲ್ಲಿ ಆ ಮೂಲೆಗೆ ರೋಗ ಬಂದಿರುತ್ತದೆ. ಹಾಗಾಗಿ ಆ ಗಿಡ್ಡ ಯಂತ್ರವೇ ನಮಗೆ ಕೈಕಾಲು. ಅದು ಕುದಿಯತೊಡಗಿದ ವರ್ಷ ನಾನು ಪಟ್ಟ ಬೇಸರ ಅಷ್ಟಿಷ್ಟಲ್ಲ. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ಅದನ್ನು ಓಡಿಸುತ್ತಿದ್ದವರು ನಮ್ಮೂರಿನವರೇ ಒಬ್ಬರು, ಐವತ್ತು ದಾಟಿದವರು. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಅವರಿಗೆ ಹೊಲ ಇರಲಿಲ್ಲ. ಇದ್ದದ್ದು ಒಳ್ಳೆಯ ಡ್ರೈವರ್ ಎಂಬ ಹೆಸರು. ‘ಆ ಕಾಕಾನ ಕೈಯಾಗ ಗಾಡಿ ಕೊಟ್ರ ನಿಶ್ಚಿಂತಿ’ ಎಂದು ಸುತ್ತಲಿನ ಹತ್ತು ಹಳ್ಳಿಯವರು ಅನ್ನುತ್ತಿದ್ದರು. ನಮ್ಮಲ್ಲಿ ಕೆಲಸವಿಲ್ಲದ ದಿನಗಳಲ್ಲಿ ಬೇರೆಯವರು ಬಂದು ಕರೆದೊಯ್ಯುತ್ತಿದ್ದರು. ಅವರ ಮನೆಯ ಒಲೆ ಉರಿಯುತ್ತಿದ್ದುದು ಆ ಹೆಸರಿನಿಂದಲೇ.

ಟ್ರ್ಯಾಕ್ಟರಿನ ರೋಗ ಹೀಗಿತ್ತು: ಔಷಧಿಯ ಟ್ಯಾಂಕು ಕಟ್ಟಿಕೊಂಡು ನಾಲ್ಕು ಸಾಲು ಹೋಗುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರುತ್ತಿತ್ತು. ಐದನೆಯ ಸಾಲಿಗೆ ರೇಡಿಯೇಟರಿನ ಮುಚ್ಚಳದಿಂದ ಹಬೆ. ನಿಲ್ಲಿಸಬೇಕು, ಆರುವ ತನಕ ಬೇವಿನ ನೆರಳಲ್ಲಿ ಕೂರಬೇಕು, ನೀರು ಹಾಕಬೇಕು, ಮತ್ತೆ ನಾಲ್ಕು ಸಾಲು. ಕಾಕಾ ಮೊದಲು ಮುಚ್ಚಳ ಬದಲಿಸಿದರು. ಆಮೇಲೆ ಫ್ಯಾನಿನ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಬಿಗಿ ಮಾಡಿದರು. ರಬ್ಬರ್ ಪೈಪು ಒಳಗೆ ಉಬ್ಬಿರಬಹುದೆಂದು ಅದನ್ನೂ ಹೊಸದು ಹಾಕಿದರು. ಎರಡು ದಿನ ಸುಮ್ಮನಿತ್ತು, ಮೂರನೆಯ ದಿನ ಮತ್ತೆ ಹಬೆ.

ನಮ್ಮ ಬೋರಿನದು ಸವಳು ನೀರು, ಒಳಗೆ ಉಪ್ಪು ಕಟ್ಟಿರಬೇಕು ಎಂದು ಸೋಡಾ ಹಾಕಿ ರೇಡಿಯೇಟರು ತೊಳೆದೆವು. ಬಳಿಕ ಅದಕ್ಕೆ ಸಿಹಿನೀರೇ ಬೇಕೆಂದು ನಾನು ಮನೆಯ ಕುಡಿಯುವ ನೀರಿನ ಕೊಡಕ್ಕೆ ಕೈ ಹಾಕಿದಾಗ ನನ್ನ ಹೆಂಡತಿ, “ಮನಿ ಮಂದಿಗೇ ನೀರಿಲ್ಲ, ಇದಕ್ಕ ಸಿಹಿನೀರ ಬೇಕಂತ. ಅಳಿಯ ಬಂದಾನ ನೋಡ!” ಎಂದಳು. ಆದರೂ ಕೊಡ ಕೊಟ್ಟಳು. ಅದರಿಂದಲೂ ಏನೂ ಆಗಲಿಲ್ಲ.

ಇಂಡಿ ಪಟ್ಟಣದಿಂದ ಮೆಕ್ಯಾನಿಕ್ ಬಂದ. ಎಂಜಿನ್ ಬಿಸಿಯಾಗುವ ತನಕ ನೀರನ್ನು ತಡೆದು ಹಿಡಿಯುವ ಒಂದು ಸಣ್ಣ ವಾಲ್ವ್ ಇರುತ್ತದೆ. ಅದನ್ನು ಕಿತ್ತು ಬೇಲಿಗೆ ಎಸೆದ. “ನಮ್ಮ ಬಿಸಲಿಗೆ ಇದ್ಯಾಕ ಬೇಕ್ರಿ? ಇದೇನ ಕಾಶ್ಮೀರ ಏನ್ರಿ?” ಎಂದ. ಆಗಲೂ ಕುದಿಯಿತು. ಎರಡನೆಯ ಸಲ ಬಂದವನು ಎಂಜಿನ್ನಿನ ತಲೆಯನ್ನೇ ಬಿಚ್ಚಿ, ಗ್ಯಾಸ್ಕೆಟ್ ಬದಲಿಸಿ, ನಾಲ್ಕು ದಿನ ಅಂಗಳದ ತುಂಬ ನಟ್ಟು ಬೋಲ್ಟು ಹರಡಿಕೊಂಡು ಕುಳಿತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು. ಬೆಳಿಗ್ಗೆ ಎದ್ದರೆ ಅದೇ ಮುಳ್ಳು, ಅದೇ ಹಬೆ. ಸಾಕು ಸಾಕಾಗಿತ್ತು. ಮಾರಿಬಿಡೋಣವೆಂದರೆ ಕುದಿಯುವ ಟ್ರ್ಯಾಕ್ಟರನ್ನು ಯಾವ ಹುಚ್ಚ ಕೊಳ್ಳುತ್ತಾನೆ?

ಇಷ್ಟೆಲ್ಲ ಬಿಚ್ಚಿದರೂ ಯಾರೂ ಬಿಚ್ಚದ ಒಂದು ಭಾಗವಿತ್ತು, ಮುಂದಿನ ಜಾಳಿಗೆ. ರೇಡಿಯೇಟರು ಇರುವುದು ಅದರ ಹಿಂದೆ, ಗಾಳಿ ಒಳಗೆ ಹೋಗುವುದು ಅದರ ಮೂಲಕ. ನಮ್ಮ ಕಡೆ ಪ್ರತಿ ಅಮಾವಾಸ್ಯೆಗೆ ಗಾಡಿಗಳ ಪೂಜೆ ತಪ್ಪುವುದಿಲ್ಲ. ಆ ಜಾಳಿಗೆಯೇ ಟ್ರ್ಯಾಕ್ಟರಿನ ಮುಖ. ಮುಖ ತೊಳೆದು, ವಿಭೂತಿ ಬಳಿದು, ಕುಂಕುಮ ಇಟ್ಟು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಬಂಪರಿಗೆ ಬಡಿದು ಕಾಯಿ ಒಡೆಯುವುದು. ಕಾಯಿಯ ನೀರು ನೆಲಕ್ಕೆ ಬೀಳಬಾರದು, ಗಾಡಿಗೇ ಸಲ್ಲಬೇಕು ಎಂಬುದು ನಮ್ಮಪ್ಪನ ಕಾಲದ ಪದ್ಧತಿ. ಎರಡೂ ಹೋಳಿನ ನೀರನ್ನು ನಾನೇ ಭಕ್ತಿಯಿಂದ ಜಾಳಿಗೆಯ ಮೇಲೆ ಸುರಿಯುತ್ತಿದ್ದೆ. ಪೂಜೆಯಾದ ಮುಖಕ್ಕೆ ಸ್ಪ್ಯಾನರ್ ಹಾಕಲು ಮೆಕ್ಯಾನಿಕ್ಕಿಗೂ ಮನಸ್ಸಿರಲಿಲ್ಲ.

ಕಾಕಾ ಒಮ್ಮೆ ಕೇಳಿದ್ದರು. “ಸಾವ್ಕಾರ್ರ, ಮುಂದಿನ ಜಾಳಗಿ ಬಿಚ್ಚಿ ಒಮ್ಮೆ ನೋಡೂಣೇನ್ರಿ? ಗಾಳಿ ಕಡಿಮಿ ಆಗಾಕತ್ತೈತಿ ಅನಸ್ತೈತಿ.”

ನಾನು ಗದರಿದೆ. “ನಿನ್ನೆರ ಅಮಾಸಿ ಪೂಜಾ ಆಗೇತಿ, ಇವತ್ತ ಅದರ ಮುಖ ಕೀಳ್ತಿ ಏನ? ಮದ್ಲ ನೀರ ಸರಿಯಾಗಿ ನೋಡು.” ಅವರು ಕೊಡ ಎತ್ತಿಕೊಂಡು ನೀರಿಗೆ ಹೋದರು.

ಕಾರ್ತಿಕದಲ್ಲಿ ಬಳ್ಳಿ ಹೂ ಬಿಟ್ಟಾಗ ಎರಡು ದಿನ ಮೋಡ ಕವಿದು ಜಿಟಿಜಿಟಿ ಹನಿಯಿತು. ದ್ರಾಕ್ಷಿ ಬೆಳೆದವರಿಗೆ ಗೊತ್ತು, ಆ ಹೊತ್ತಿನಲ್ಲಿ ಮಳೆ ಎಂದರೆ ದಾವಣಿ ರೋಗ. ಒಂದು ದಿನದೊಳಗೆ ಔಷಧಿ ಹೊಡೆಯದಿದ್ದರೆ ಹೂವಿನ ಗೊಂಚಲು ಕಪ್ಪಾಗುತ್ತದೆ. ಕಾಕಾ ಬೆಳಕು ಹರಿಯುವ ಮೊದಲೇ ಬಂದು ಶುರುಮಾಡಿದರು. ನಾಲ್ಕು ಸಾಲಿಗೆ ನಿಂತಿತು. ಮತ್ತೆ ನಾಲ್ಕಕ್ಕೆ ನಿಂತಿತು. ಸಂಜೆಯ ಹೊತ್ತಿಗೆ ಅರ್ಧ ತೋಟವೂ ಮುಗಿದಿರಲಿಲ್ಲ. ಉಳಿದರ್ಧ ಮೂರು ದಿನಗಳಲ್ಲಿ ಕಪ್ಪಾಯಿತು.

ನಾಲ್ಕನೆಯ ದಿನ ಊರ ಮುಂದಿನ ಚಹಾದ ಅಂಗಡಿಯಲ್ಲಿ ಯಾರೋ ತೋಟ ಹೇಗಿದೆ ಎಂದು ಕೇಳಿದರು. ಹತ್ತಿಪ್ಪತ್ತು ಜನ ಕೂತಿದ್ದರು, ಕಾಕಾ ಕೂಡ ಮೂಲೆಯಲ್ಲಿ ಚಹಾ ಹಿಡಿದು ಕೂತಿದ್ದರು. ನಾನು ನಾಲಗೆ ಹರಿಯಬಿಟ್ಟೆ.

“ಏನ ಕೇಳ್ತೀರಿ! ನೀರ ನೋಡದ ಹೊಡದು ಹೊಡದು ನನ್ನ ಎಂಜಿನ್ನ ಸುಟ್ಟಾನ ಈ ಮನಷ್ಯಾ. ಇವನ ಕೈಯಾಗ ಗಾಡಿ ಕೊಡೂದಕಿಂತ ಬಾವ್ಯಾಗ ನೂಕೂದ ಚಲೋ.”

ಕಾಕಾ ಚಹಾ ಪೂರ್ತಿ ಕುಡಿದರು. ಆಮೇಲೆ ಎದ್ದು ಬಂದು ಟ್ರ್ಯಾಕ್ಟರಿನ ಕೀಲಿಯನ್ನು ನನ್ನ ಮುಂದೆ ಬೆಂಚಿನ ಮೇಲಿಟ್ಟು, “ನೀರ ನೋಡೇ ಹೊಡದೇನ್ರಿ” ಎಂದಷ್ಟೇ ಹೇಳಿ ಹೋದರು. ಎರಡು ವಾರಗಳಲ್ಲಿ ಅವರನ್ನು ಕರೆಯುವವರೇ ಇಲ್ಲವಾದರು. ‘ಎಂಜಿನ್ ಸುಡೋ ಡ್ರೈವರ್’ ಎಂಬ ಮಾತು ಆಲಮೇಲದ ತನಕ ಹೋಗಿತ್ತು. ಮಾತು ಆಡಿದರೆ ಹೋಯಿತು ಎಂಬ ಗಾದೆ ನನಗೂ ಗೊತ್ತಿತ್ತು, ಆದರೆ ಬಾಯಿ ಬಿಡುವ ಮೊದಲು ನೆನಪಾಗಲಿಲ್ಲ.

ಟ್ರ್ಯಾಕ್ಟರನ್ನು ನಾನೇ ಓಡಿಸತೊಡಗಿದೆ. ಕಾಕಾ ಇಲ್ಲದಿದ್ದರೂ ಅದು ಕುದಿಯಿತು. ಕೊನೆಗೆ ರೇಡಿಯೇಟರು ಒಂದು ಕಡೆ ಸೋರಲು ಹತ್ತಿದಾಗ, ಬೇರೆ ದಾರಿಯಿಲ್ಲದೆ ಜಾಳಿಗೆ ಬಿಚ್ಚಿ, ರೇಡಿಯೇಟರನ್ನೇ ಇಳಿಸಿ ಸಿಂದಗಿಯಲ್ಲಿ ಬೆಸುಗೆ ಹಾಕುವ ಒಬ್ಬರ ಬಳಿ ಒಯ್ದೆ. ವಯಸ್ಸಾದವರು, ಸಿಡುಕು ಮನುಷ್ಯ. ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿ ಸೂರ್ಯನಿಗೆ ಹಿಡಿದರು.

“ನೋಡ್ರಿಲ್ಲೆ. ಬೆಳಕ ಕಾಣತೈತೇನು?”

ಒಂದು ಚುಕ್ಕಿ ಬೆಳಕೂ ಕಾಣಲಿಲ್ಲ. ತಗಡಿನ ಸೀಳುಗಳ ನಡುವೆ ಕಂದು ಬಣ್ಣದ ಗಟ್ಟಿ ಪದರ ಗಾರೆಯ ಹಾಗೆ ಕೂತಿತ್ತು. ಅವರು ತಂತಿಯಿಂದ ಕೆದಕಿದರು, ನೀರು ಹಚ್ಚಿದ ಬೆರಳಿನಿಂದ ತಿಕ್ಕಿ ನೋಡಿದರು. ಅಂಟಿಕೊಂಡಿತು. ಒಳಗಿನಿಂದ ಇರುವೆಗಳು ಹೊರಬಂದವು.

“ರೇಡಿಯೇಟರಿಗೆ ಇರುವಿ ಮುತ್ತಿದ್ದು ನಾ ಇದ ಮದ್ಲ ನೋಡಾಕತ್ತೇನ್ರಿ. ಬೆಲ್ಲದ ಪಾನಕ ಏನಾರ ಕುಡಸೀರೇನು ಇದಕ್ಕ?”

ನನಗೆ ಆಗಲೇ ಹೊಳೆಯಿತು. ಆರೇಳು ವರ್ಷಗಳ ಅಮಾವಾಸ್ಯೆಗಳ ಕಾಯಿನೀರು. ಆ ಸಿಹಿ ಅಂಟಿಗೆ ತೋಟದ ಗಂಧಕದ ಪುಡಿ, ಧೂಳು, ಜೋಳದ ರಾಶಿಯ ಹೊಟ್ಟು ಎಲ್ಲ ಮೆತ್ತಿಕೊಂಡು ಗಾಳಿಯ ದಾರಿ ಮುಚ್ಚಿಹೋಗಿತ್ತು. ಹೊರಗಿನ ಮುಖ ಮಾತ್ರ ನಾನು ತೊಳೆದು ತೊಳೆದು ಫಳಫಳ ಇಟ್ಟಿದ್ದೆ. ಕಾಕಾ ಗಾಳಿ ಕಡಿಮೆ ಎಂದದ್ದು ಸರಿಯಾಗಿತ್ತು. ಬೆಸುಗೆಯವರು ಬಿಸಿನೀರು, ಸೋಪಿನ ಪುಡಿ, ಬ್ರಷ್ಷು ಹಿಡಿದು ಅರ್ಧ ದಿನ ತಿಕ್ಕುತ್ತ ಕೂತರು. ನಾನು ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು ನಾಚಿಕೆಯಿಂದ ಕುಗ್ಗಿಹೋದೆ.

ಮರುದಿನ ಟ್ರ್ಯಾಕ್ಟರ್ ಇಡೀ ತೋಟ ಸುತ್ತಿತು. ಮುಳ್ಳು ಅರ್ಧಕ್ಕಿಂತ ಮೇಲೇರಲಿಲ್ಲ. ಖುಷಿಯಾಗಬೇಕಿತ್ತು, ಆಗಲಿಲ್ಲ. ಸಂಜೆಗೆ ಕಾಕಾನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ತಪ್ಪಾಯಿತು ಎಂದೂ ಅಂದೆ.

“ನನಗ್ಯಾಕ ಹೇಳ್ತೀರಿ?” ಎಂದರು ಕಾಕಾ. “ನಾ ಸುಟ್ಟಿಲ್ಲಂತ ನನಗ ಮದ್ಲ ಗೊತ್ತಿತ್ತು. ಹೇಳೂದಿದ್ರ ಅಲ್ಲೇ ಹೇಳ್ರಿ, ಆ ಮಂದಿ ಮುಂದ.”

ನ್ಯಾಯದ ಮಾತು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಚಹಾದ ಅಂಗಡಿಗೆ ಹೋದೆವು. ಜನ ತುಂಬುವ ತನಕ ಕಾದು, ನಾನು ಎದ್ದು ನಿಂತೆ. “ಎಂಜಿನ್ನ ಕಾಕಾ ಸುಟ್ಟಿದ್ದಲ್ಲ. ತಪ್ಪ ನಂದು. ಕಾಯಿನೀರ ಹೊಯ್ದು ಹೊಯ್ದು ನಾನ ರೇಡಿಯೇಟರ್ ಮುಚ್ಚೇನಿ. ಜಾಳಗಿ ಬಿಚ್ಚೂಣು ಅಂದ್ರ ನಾನ ಬ್ಯಾಡ ಅಂದಿದ್ದೆ” ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

ಹಿರಿಯರೊಬ್ಬರು ತಲೆದೂಗಿದರು. “ಇದಪಾ ಸಾವ್ಕಾರಕಿ ಅಂದ್ರ! ಬಡವನ ಹೊಟ್ಟಿ ಮ್ಯಾಲ ಬಡೀಬಾರದಂತ ಅವನ ತಪ್ಪ ತನ್ನ ಮ್ಯಾಲ ಹಾಕ್ಕೊಂಡ ನೋಡ್ರಿ.” ಇನ್ನೊಬ್ಬ ನಕ್ಕ. “ದೇವರ ಕಾಯಿನೀರಿಗೆ ಎಂಜಿನ್ನ ಕೆಡತೈತೇನ್ರಿ ಎಲ್ಯಾರ? ನಾವೇನ ಸಣ್ಣ ಹುಡುಗೂರಾ?” ಅಲ್ಲಪ್ಪಾ, ಖರೇ ಹೇಳಾಕತ್ತೇನಿ ಎಂದು ನಾನು ಕೂಗಿದೆ, ಇರುವೆಯ ಕತೆ ಹೇಳಿದೆ, ಸಿಂದಗಿಗೆ ಹೋಗಿ ಕೇಳ್ರಿ ಎಂದೆ. ಕೂಗಿದಷ್ಟೂ ನನ್ನ ದೊಡ್ಡ ಗುಣ ಅವರ ಕಣ್ಣಿಗೆ ದೊಡ್ಡದಾಗುತ್ತ ಹೋಯಿತು. ಯಾರೋ ನನಗೆ ಇನ್ನೊಂದು ಚಹಾ ಹೇಳಿದರು.

ಕಾಕಾ ಎದ್ದು ಹೊರಗೆ ನಡೆದರು. ನಾನು ಹಿಂದೆಯೇ ಓಡಿ, ನಾಳೆಯಿಂದ ಕೆಲಸಕ್ಕೆ ಬರ್ರಿ ಎಂದು ಕೈ ಹಿಡಿದುಕೊಂಡೆ.

ಅವರು ಮೆಲ್ಲಗೆ ಕೈ ಬಿಡಿಸಿಕೊಂಡರು. “ನಿನ್ನಿ ತನಕ ನಾ ಎಂಜಿನ್ನ ಸುಟ್ಟ ಡ್ರೈವರ್ ಇದ್ನಿರಿ. ಇವತ್ತ ಎಂಜಿನ್ನ ಸುಟ್ಟು ನಿಮ್ಮ ದಯಾದಿಂದ ಉಳದ ಡ್ರೈವರ್ ಆದೆ. ಇನ್ನೊಮ್ಮೆ ಹೇಳಾಕ ಹೋಗಬ್ಯಾಡ್ರಿ, ನಿಮಗ ಕೈ ಮುಗೀತೇನಿ.”

ಆ ವಾರವೇ ಅವರು ಪರಿಚಯವಿಲ್ಲದ ಊರಿನಲ್ಲಿ ಕೆಲಸ ಹುಡುಕುತ್ತೇನೆಂದು ಮುದ್ದೇಬಿಹಾಳದ ಬಸ್ಸು ಹತ್ತಿದರು. ನಮ್ಮ ಊರಿನಲ್ಲಿ ಇವತ್ತಿಗೂ ನನ್ನನ್ನು ದೊಡ್ಡ ಮನಸ್ಸಿನ ಮನುಷ್ಯ ಅನ್ನುತ್ತಾರೆ.