ಜೇಲಿನಲ್ಲಿ ಅರ್ಧಕ್ಕೆ ನಿಂತ ಕಥೆ

ಹೋದ ವಾರ ಬೆಟಗೇರಿಯ ಅಂಗಡಿಯೊಂದರಲ್ಲಿ ಹೊಸ ಕೈಮಗ್ಗದ ಸೀರೆ ಬಿಡಿಸಿದಾಗ ಗಂಜಿಯ ವಾಸನೆ ಬಂತು. ನಾನು ಸೀರೆಗೆ ಮೂಗಿಟ್ಟು ನಿಂತುಬಿಟ್ಟೆ. ಅಂಗಡಿಯವನು, "ಅಕ್ಕಾರ, ಸೀರಿ ಉಟ್ಟು ನೋಡ್ತಾರ್ರಿ, ಮೂಸಿ ನೋಡೂದಿಲ್ಲ" ಎಂದ. ಅವನಿಗೇನು ಗೊತ್ತು, ಅದು ನಮ್ಮ ನೀಲವ್ವಜ್ಜಿಯ ಮಡಿಲಿನ ವಾಸನೆ!

ನೀಲವ್ವ ನನ್ನ ತಂದೆಯ ತಾಯಿ. ನೇಕಾರರ ಮನೆಯ ಸೊಸೆ, ಜೋರು ದನಿಯವಳು. ಹರೆಯದಲ್ಲಿ, ಮೊದಲ ಕೂಸು ಜ್ವರದಲ್ಲಿ ತೀರಿಕೊಂಡ ಕೆಲವೇ ವಾರಕ್ಕೆ, ಬ್ರಿಟಿಷರ ವಿರುದ್ಧದ ಮೆರವಣಿಗೆಯೊಂದು ಮನೆ ಮುಂದೆ ಹಾಯ್ದಿತು. ಇವಳೂ ಸೇರಿಕೊಂಡಳು. ದೇಶಭಕ್ತಿಯಿಂದಲೇ ಹೋದೆಯಾ ಅಜ್ಜಿ ಎಂದು ಕೇಳಿದರೆ, "ಖರೆ ಹೇಳ್ಲೇನು? ನನಗ ಒದರಾಕ ಒಂದು ಜಾಗಾ ಬೇಕಾಗಿತ್ತವ್ವ" ಎನ್ನುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ಒದರಿದ್ದಕ್ಕೆ ಪೊಲೀಸರಿಗೆ ಮೊದಲು ಸಿಕ್ಕವಳೂ ಅವಳೇ.

ಜೇಲಿನ ಕೋಣೆಯಲ್ಲಿ ಜೊತೆಗಿದ್ದವಳು ಮುಂಡರಗಿಯ ಹುಸೇನಬಿ. ತನ್ನ ಆಡು ಎಳೆದುಕೊಂಡು ಹೊರಟಿದ್ದ ಪೊಲೀಸನ ತಲೆಗೆ ಒನಕೆ ಬೀಸಿ ಒಳಗೆ ಬಂದಿದ್ದಳು. ಒದರುವುದು ನಿಂತ ಮೇಲೆ ಅಜ್ಜಿಗೆ ಅಳು ಶುರುವಾಯಿತು. ಊಟ ಮುಟ್ಟಲಿಲ್ಲ. ಎದೆಹಾಲು ಇನ್ನೂ ಬತ್ತಿರಲಿಲ್ಲವಂತೆ. ಹುಸೇನಬಿ ಸಮಾಧಾನ ಹೇಳಲಿಲ್ಲ. ರೊಟ್ಟಿ ಮುರಿದು ಕೈಗಿಟ್ಟು, "ಒಬ್ಬಾಕಿ ರಾಜನ ಮಗಳಿದ್ಲು. ಆಕೀನ್ನ ಕಪ್ಪತಗುಡ್ಡದ ಗವ್ಯಾಗ ಕೂಡಿಹಾಕಿದ್ರು. ಒಂದು ತುತ್ತು ತಿನ್ನು, ಯಾಕಂತ ಹೇಳ್ತೀನಿ" ಎಂದಳು.

ಅಜ್ಜಿ ತಿಂದಳು. ಅಲ್ಲಿಂದ ಮುಂದೆ ತುತ್ತಿಗೊಂದು ತಿರುವು. ರಾಜಕುಮಾರಿ ಹುಲಿಯ ಜೊತೆ ಪಂದ್ಯ ಕಟ್ಟಿದಳು, ಹದ್ದಿನ ರೆಕ್ಕೆ ಕಡ ಕೇಳಿದಳು, ಮಲಗಿದ್ದ ಕಾವಲುಗಾರನ ಮೀಸೆಗೆ ಜಡೆ ಹೆಣೆದಳು. ಅಜ್ಜಿಗೆ ನಗು ಬರುತ್ತಿತ್ತು. ನಕ್ಕೆನಲ್ಲ ಎಂದು ಮತ್ತೆ ಅಳು. ರೊಟ್ಟಿ ಮಾತ್ರ ಖಾಲಿ.

ಅಜ್ಜಿಯ ಬಿಡುಗಡೆಯ ದಿನ ಕಥೆಯ ರಾಜಕುಮಾರಿ ಗವಿಯ ಬಾಯಿಗೆ ಬಂದು ನಿಂತಿದ್ದಳು. ಜೇಲರ್ ಬಾಗಿಲು ತೆಗೆದರೆ ಅಜ್ಜಿ ಏಳಲೊಲ್ಲಳು. "ಕಥಿ ಮುಗೀಲಿ ತಡೀರಿ ಸಾಹೇಬ್ರ, ಆಮ್ಯಾಲ ಹೋಗ್ತೀನಿ." ಜೇಲಿನಿಂದ ದಬ್ಬಿಸಿಕೊಂಡು ಹೊರಬಂದವರು ನಮ್ಮ ವಂಶದಲ್ಲಿ ಅವಳೊಬ್ಬಳೇ.

ಆ ಕಥೆಯನ್ನು ಅಜ್ಜಿ ನಮಗೂ ಹೇಳುತ್ತಿದ್ದಳು. ಗವಿಯ ಬಾಯಿಗೆ ಬಂದೊಡನೆ, "ಮುಂದಿಂದು ಹುಸೇನಬೀಗೇ ಗೊತ್ತು" ಎಂದು ಎದ್ದುಬಿಡುತ್ತಿದ್ದಳು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಧ್ಯಾಹ್ನ ಹುಸೇನಬಿಯೇ ಬಂದಳು. ಮೊಮ್ಮಗಳ ಮದುವೆ ಸೀರೆಗೆಂದು ಬೆಟಗೇರಿಗೆ ಬಂದವಳು, ಮನೆ ಕೇಳಿಕೊಂಡು ಬಂದಿದ್ದಳು. ಆ ದನಿ ಕೇಳಿದ್ದೇ ಅಜ್ಜಿ ಮಗ್ಗ ಬಿಟ್ಟು ಎದ್ದಳು. ಹೇಗಿದ್ದೀ ಎನ್ನಲಿಲ್ಲ. "ಹೊರಗ ಬಂದ್ಲೋ ಇಲ್ಲೋ ಆಕಿ?"

ಹುಸೇನಬಿ ತಬ್ಬಿಬ್ಬಾದಳು. ನೆನಪಾದ ಮೇಲೆ ಬೊಚ್ಚುಬಾಯಿ ತುಂಬ ನಕ್ಕಳು. "ನನಗೇನ್ ಗೊತ್ತಬೇ? ನೀ ಉಣ್ಣಲಿ ಅಂತ ಅಂದಿಂದಂದಿಗೆ ಕಟ್ಟತಿದ್ದೆ. ನಂದೂ ಒಂದು ಕೂಸು ಹೋಗಿತ್ತು. ಕಥಿ ಹೇಳೂಮುಂದ ನನಗೂ ರೊಟ್ಟಿ ಇಳೀತಿತ್ತು."

ಜೇಲಿನಲ್ಲಿ ಆಕೆ ಇದನ್ನು ಬಾಯಿಬಿಟ್ಟಿರಲಿಲ್ಲ. ಅಜ್ಜಿ ಅವಳ ಕೈ ಹಿಡಿದು ಒಳಗೆ ಕರೆದೊಯ್ದಳು. "ಕುಂಡ್ರು. ಇವತ್ತು ನಾ ಹೇಳ್ತೀನಿ, ನೀ ಉಣ್ಣು." ಇಳಿಹೊತ್ತಿನ ತನಕ ಇಬ್ಬರೂ ಕೂಡಿ ರಾಜಕುಮಾರಿಯನ್ನು ಗುಡ್ಡ ಇಳಿಸಿ ಬುಡದಲ್ಲಿರುವ ಡೋಣಿ ಊರಿನವರೆಗೆ ನಡೆಸಿದರು. ಅಲ್ಲಿ ಅವಳು ಆಡು ಸಾಕಬೇಕೋ ಮಗ್ಗ ಹೂಡಬೇಕೋ ಎಂದು ಜಗಳವೂ ಆಡಿದರು.

ಸೀರೆ ಕೊಂಡೆನೋ ಇಲ್ಲವೋ, ಅದು ಬಿಡಿ. ಅಂಗಡಿಯಿಂದ ಬಂದವಳು ನಮ್ಮ ಮನೆಗೆ ಹೋಗದೆ ಪಕ್ಕದ ಶಾಂತಾಳ ಬಾಗಿಲು ಬಡಿದೆ. ಗಂಡ ತೀರಿಕೊಂಡ ಮೇಲೆ ಆಕೆ ಹೊರಗೆ ಬಂದಿರಲಿಲ್ಲ. ನಾನು ದಿನವೂ ಹೋಗಿ ಧೈರ್ಯ ಹೇಳುತ್ತಿದ್ದೆ. ಆಕೆ ತಲೆಯಾಡಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಂದು ಧೈರ್ಯ ಹೇಳುವುದನ್ನು ಬಿಟ್ಟು, ನಮ್ಮಜ್ಜಿ ಜೇಲಿಗೆ ಹೋದದ್ದನ್ನು ಹೇಳಿದೆ. ಜೇಲರ್ ಹೊರದಬ್ಬಿದಲ್ಲಿಗೆ ನಿಲ್ಲಿಸಿ ಎದ್ದೆ.

ಶಾಂತಾ ಹೊಸ್ತಿಲು ದಾಟಿ ಕಟ್ಟೆಯವರೆಗೆ ಬಂದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, "ನಾಳಿ ಸ್ವಲ್ಪ ಜಲ್ದಿ ಬರ್ರಿ" ಎಂದಳು.