ನನ್ನ ಎದೆಗೆ ಬಂದ ನಾರ್ಮಲ್ ರಿಪೋರ್ಟು

ನನ್ನ ಎದೆಯ ಬಡಿತ ತಪ್ಪುತ್ತಿದೆ ಎಂದು ಮನೆಯವರನ್ನು ನಂಬಿಸಲು ಎಂಟು ತಿಂಗಳು ಬೇಕಾಯಿತು. ಗಂಡನ ಮೊಣಕಾಲು ನೋವನ್ನು ನಂಬಲು ಇದೇ ಮನೆಗೆ ಒಂದು ಸಂಜೆ ಸಾಕಾಗಿತ್ತು.

ಆಗುತ್ತಿದ್ದದ್ದು ಇಷ್ಟು. ಏನೋ ಕೆಲಸದಲ್ಲಿರುವಾಗ ಎದೆ ಡವಡವ ಎಂದು ಓಡತೊಡಗುತ್ತದೆ, ನಡುವೆ ಒಂದು ಬಡಿತ ಬಿಟ್ಟುಹೋಗುತ್ತದೆ. ಇನ್ನೊಂದು ಮೆಟ್ಟಿಲು ಇದೆ ಎಂದುಕೊಂಡು ಕಾಲಿಟ್ಟು, ಅದು ಇಲ್ಲದೆ ಮುಗ್ಗರಿಸಿದ ಹಾಗೆ. ಮುಂದಿನ ಬಡಿತ ಬರುವವರೆಗೆ ಜೀವ ಕೈಯಲ್ಲಿ. ನನ್ನ ಅಮ್ಮ ಐವತ್ತನಾಲ್ಕಕ್ಕೆ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ನನಗೀಗ ಐವತ್ತಮೂರು. ಹೆದರದೆ ಇನ್ನೇನು ಮಾಡಲಿ?

"ಗ್ಯಾಸ್ ಕಣಮ್ಮ, ಜೀರಿಗೆ ಕಷಾಯ ಕುಡಿ" ಎಂದರು ಅತ್ತೆ. ಜಾಲಹಳ್ಳಿಯ ಫ್ಯಾಕ್ಟರಿಯಿಂದ ರಿಟೈರ್ ಆಗಿ ಮನೆಯಲ್ಲಿರುವ ಗಂಡ, ಪೇಪರಿನಿಂದ ತಲೆಯೆತ್ತದೆ, "ಸುಮ್ಸುಮ್ನೆ ಟೆನ್ಷನ್ ಮಾಡ್ಕೋತೀಯ" ಎಂದರು. ಶೆಟ್ಟಿಹಳ್ಳಿಯ ನಮ್ಮ ರಸ್ತೆಯ ಕ್ಲಿನಿಕ್ಕಿನಲ್ಲಿ ಇಸಿಜಿ ಮಾಡಿಸಿದರೆ, ಮಲಗಿದ್ದ ಅಷ್ಟು ಹೊತ್ತೂ ಈ ದರಿದ್ರ ಎದೆ ಗಡಿಯಾರದ ಹಾಗೆ ನೆಟ್ಟಗೆ ನಡೆಯಿತು. "ಈ ವಯಸ್ಸಲ್ಲಿ ಹೆಂಗಸ್ರಿಗೆ ಕಾಮನ್ನು" ಎಂದು ಅಲ್ಲಿಯ ಡಾಕ್ಟರು ಸಾಗಹಾಕಿದರು.

ಕೊನೆಗೆ ಹೆಬ್ಬಾಳದ ಕಡೆಯ ಆಸ್ಪತ್ರೆಯೊಂದಕ್ಕೆ ಹೋದೆವು. ಅಲ್ಲಿಯ ಹೃದಯದ ಡಾಕ್ಟರು, ನನಗಿಂತ ಚಿಕ್ಕ ಹೆಂಗಸು, ಎದೆಗೆ ವೈರುಗಳನ್ನು ಅಂಟಿಸಿ ಸೊಂಟಕ್ಕೊಂದು ಪುಟ್ಟ ಯಂತ್ರ ಕಟ್ಟಿಸಿದರು. ಇಡೀ ದಿನದ ಬಡಿತ ಅದರಲ್ಲಿ ದಾಖಲಾಗುತ್ತದಂತೆ. "ದಿನಾ ಹೇಗಿರ್ತೀರೋ ಹಾಗೇ ಇರಿ" ಎಂದು ಹೇಳಿ ಕಳಿಸಿದರು.

ಮನೆಯಲ್ಲಿ ಆದದ್ದು ಕೇಳಿ. ಇನ್‌ಸ್ಪೆಕ್ಷನ್ನಿಗೆ ದೊಡ್ಡವರು ಬರುತ್ತಾರೆಂದರೆ ಫ್ಯಾಕ್ಟರಿಯಲ್ಲಿ ನೆಲ ತೊಳೆದು, ಮಷೀನುಗಳಿಗೆ ಬಣ್ಣ ಬಳಿದು, ಸದ್ದು ಮಾಡುವ ಕೆಟ್ಟ ಮಷೀನನ್ನು ಅವತ್ತಿನ ಮಟ್ಟಿಗೆ ನಿಲ್ಲಿಸಿಬಿಡುತ್ತಿದ್ದರಂತೆ. ನನ್ನ ಗಂಡ ಮೂವತ್ತು ವರ್ಷ ಅದನ್ನೇ ಮಾಡಿದವರು. ನನಗೂ ಅದನ್ನೇ ಮಾಡಿದರು.

"ಇವತ್ತು ಏನೂ ಮುಟ್ಬೇಡ. ರಿಪೋರ್ಟ್ ಚೆನ್ನಾಗಿ ಬರ್ಬೇಕು" ಎಂದರು. ತಿಂಡಿ, ಊಟ ಎರಡೂ ಹೋಟೆಲ್ಲಿನಿಂದ ಬಂದವು. ಕಾಫಿ ಬಂದ್. ಒಗೆಯುವ ಬಟ್ಟೆ ನಾಳೆಗೆ. ಅತ್ತೆ ತಮ್ಮ ದಿಂಬನ್ನೇ ತಂದುಕೊಟ್ಟು ಮಲಗಿಸಿದರು. ನಾನೆಂಥ ಪೆದ್ದಿ ನೋಡಿ, ಮದುವೆಯಾದ ಮೇಲೆ ಮೊದಲ ಸಲ ಸಿಕ್ಕಿದ ಉಪಚಾರವೆಂದು ಹಿಗ್ಗಿ, ಹಾಯಾಗಿ ಬಿದ್ದುಕೊಂಡಿದ್ದೆ.

ರಿಪೋರ್ಟು ನಾರ್ಮಲ್ ಬಂತು.

"ನೋಡು, ಮಷೀನೇ ಹೇಳ್ತಿದೆ ಏನಿಲ್ಲ ಅಂತ. ಇನ್ನಾದ್ರೂ ಸುಮ್ನಿರು" ಎಂದರು ಗಂಡ. ಮಾರನೆಯ ದಿನದಿಂದ ಒಗೆತವೂ ಶುರು, ಎದೆಬಡಿತ ತಪ್ಪುವುದೂ ಶುರು. ನನಗೆ ಮೈಯೆಲ್ಲ ಉರಿದುಹೋಯಿತು. ಈಗ ನಾನು ಸತ್ತುಬಿದ್ದರೂ, ಹೃದಯ ಚೆನ್ನಾಗಿತ್ತು, ರಿಪೋರ್ಟು ಇದೆ ಎಂದು ಬಂದವರಿಗೆಲ್ಲ ತೋರಿಸುತ್ತಾರೆ, ಅಷ್ಟೆ.

ಒಬ್ಬಳೇ ಬಸ್ಸು ಹತ್ತಿ ಅದೇ ಡಾಕ್ಟರ ಹತ್ತಿರ ಹೋಗಿ, ನಡೆದದ್ದನ್ನೆಲ್ಲ ನಾಚಿಕೆ ಬಿಟ್ಟು ಹೇಳಿದೆ. ಅವರು ನಗಲಿಲ್ಲ. ಯಂತ್ರವನ್ನು ಮತ್ತೆ ಕಟ್ಟಿಸಿ, ಒಂದು ಹಾಳೆ ಕೊಟ್ಟು, "ಯಾವಾಗ ಏನ್ ಮಾಡಿದ್ರಿ, ಏನಾಯ್ತು, ಎಲ್ಲಾ ಟೈಮ್ ಹಾಕಿ ಬರೀರಿ" ಎಂದರು. ಈ ಸಲ ಮನೆಯಲ್ಲಿ ಒಬ್ಬರಿಗೂ ಹೇಳಲಿಲ್ಲ. ಯಂತ್ರವನ್ನು ಸೆರಗಿನಡಿ ಮುಚ್ಚಿಕೊಂಡು, ದಿನದ ಕೆಲಸ ದಿನದ ಹಾಗೆಯೇ ಮಾಡಿದೆ.

ರಿಪೋರ್ಟು ಬಂದ ದಿನ ಗಂಡನನ್ನೂ ಬಲವಂತದಿಂದ ಎಳೆದುಕೊಂಡು ಹೋದೆ. ಡಾಕ್ಟರು ಗ್ರಾಫನ್ನೂ ನನ್ನ ಹಾಳೆಯನ್ನೂ ಪಕ್ಕಪಕ್ಕ ಇಟ್ಟುಕೊಂಡರು. "ನೀವು ಹೇಳಿದ್ದು ಸರಿ. ಬಡಿತ ತುಂಬಾ ಸಲ ತಪ್ತಿದೆ. ಮಾತ್ರೆ ಶುರು ಮಾಡೋಣ, ಇನ್ನೊಂದೆರಡು ಟೆಸ್ಟೂ ಬೇಕು" ಎಂದರು. ಕೇಳಿ ನನಗೆ ಭಯಕ್ಕಿಂತ ಮೊದಲು ಬಂದದ್ದು ಸಮಾಧಾನ. ಎಂಥ ಗತಿ ಇದು, ರೋಗ ಇದೆ ಎಂದರೆ ಸಮಾಧಾನಪಡುವುದು.

ಆಮೇಲೆ ಅವರು ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. "ಹತ್ತೂಕಾಲು. ಒದ್ದೆ ಬಟ್ಟೆಯ ಬಕೆಟ್ ಹೊತ್ತು ಟೆರೇಸಿಗೆ ಹೋಗುವಾಗ ಬಡಿತ ತಪ್ಪಿತು. ಕಣ್ಣು ಕತ್ತಲೆ ಬಂತು. ಮೆಟ್ಟಿಲ ಮೇಲೆ ಕೂತು ಎರಡು ಸಲ ಕರೆದೆ. ಯಾರೂ ಬರಲಿಲ್ಲ."

ತಲೆಯೆತ್ತಿ ಕೇಳಿದರು, "ಆಗ ಮನೇಲಿ ಯಾರೂ ಇರ್ಲಿಲ್ವಾ?"

ನನ್ನ ಗಂಡ ಚಪ್ಪಲಿ ನೋಡುತ್ತ ಕೂತಿದ್ದರು. "ನಾನಿದ್ದೆ ಮೇಡಂ" ಎಂದರು. "ಕರೆದಿದ್ದು ಕೇಳಿಸ್ತು."