ಬಾಯ್ಲರ್ ಪೈಪು ಮತ್ತು ಒಂದು ಬಾಣಂತನ

ಆಲ್ದೂರಿಗೆ ಬಂದ ದಿನ ಕೈಯಲ್ಲಿದ್ದ ಟ್ರಂಕು ಇನ್ನೂ ನೆಲ ಮುಟ್ಟಿರಲಿಲ್ಲ. ಮನೆ ಮಾಲೀಕರ ಹೆಂಡತಿ ಕಮಲಮ್ಮನವರು ನನ್ನನ್ನೂ ನನ್ನ ಹೆಂಡತಿ ಶಾಂತಾಳನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, "ಬಿಸಿನೀರು ಕಾದಿದೆ, ಮೊದ್ಲು ಸ್ನಾನ ಮಾಡ್ಕೊಂಡು ಬನ್ನಿ" ಎಂದರು. ಯಾರಿಗೂ ಕಾಣದಂತೆ ನಾನು ಅಂಗಿಯ ತೋಳು ಮೂಸಿ ನೋಡಿಕೊಂಡೆ. ನಮ್ಮ ಬಾಗಲಕೋಟೆ ಕಡೆ ಮನೆಗೆ ಬಂದವರಿಗೆ ತಂಬಿಗೆ ನೀರು, ಒಂದು ಚೂರು ಬೆಲ್ಲ ಕೊಡುತ್ತೇವೆ. ಮೈ ತೊಳೆದುಕೊಂಡು ಬಾ ಎಂದರೆ ನೆಂಟಸ್ತಿಕೆ ಅಲ್ಲಿಗೇ ಮುಗಿಯಿತು. ಇಲ್ಲಿ ಅದೇ ದೊಡ್ಡ ಸತ್ಕಾರ. ಬೇಡವೆಂದರೆ ಬೇಸರಪಟ್ಟುಕೊಳ್ಳುತ್ತಾರೆ.

ಈ ಸತ್ಕಾರದ ಮೂಲಪುರುಷನ ಹೆಸರು ಬಾಯ್ಲರ್. ರೈಲಿನ ಎಂಜಿನ್ನನ್ನು ನೆನೆಯಬೇಡಿ. ಬಚ್ಚಲ ಗೋಡೆಯಲ್ಲಿ ಕೂರಿಸಿದ ತಾಮ್ರದ ಡ್ರಮ್ಮು ಅದು. ಒಲೆಯ ಬಾಯಿ ಮನೆಯ ಹೊರಗೆ, ನಲ್ಲಿ ಬಚ್ಚಲ ಒಳಗೆ. ಕಾಫಿ ಗಿಡದ ಒಣ ಬೊಡ್ಡೆ ತುರುಕಿದರೆ ದಿನವಿಡೀ ನೀರು ಕುದಿಯುತ್ತದೆ. ಕೊಡ ಎಣಿಸಿ ಮೀಯುವ ಸೀಮೆಯಿಂದ ಬಂದ ನಮಗೆ ಮೊದಮೊದಲು ಕಳ್ಳತನ ಮಾಡಿದಂತೆ ಅನ್ನಿಸುತ್ತಿತ್ತು.

ನಾನು ಇಲ್ಲಿನ ಹೈಸ್ಕೂಲಿಗೆ ಮೇಷ್ಟ್ರಾಗಿ ಬಂದದ್ದು ತೊಂಬತ್ತರ ದಶಕದಲ್ಲಿ, ಕಾಫಿಗೆ ಒಳ್ಳೆಯ ರೇಟು ಇದ್ದ ಕಾಲದಲ್ಲಿ. ಮಾಲೀಕರಾದ ಲಕ್ಷ್ಮಣಗೌಡ್ರು ಆ ಉತ್ಸಾಹದಲ್ಲಿ ನಮ್ಮ ಬಾಡಿಗೆ ಮನೆಗೆ ಆರ್‌ಸಿಸಿ ತಾರಸಿ ಹಾಕಿಸಿದ್ದರು. ತಾರಸಿ ನಮ್ಮ ತಲೆಯ ಮೇಲಿತ್ತು, ಆದರೆ ನಮ್ಮದಾಗಿರಲಿಲ್ಲ. ಅದು ಪಾರ್ಚ್‌ಮೆಂಟಿನದು, ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಒಣಗಲು ಹರವಿದ ಕಾಫಿ ಬೀಜದ್ದು. ಆ ಬೀಜಕ್ಕೆ ಒಂದು ಹನಿ ನೀರು ತಗಲಿದರೆ ಗೌಡ್ರ ಮುಖ ಸೂತಕದ ಮನೆಯಂತಾಗುತ್ತಿತ್ತು.

ಆದ್ದರಿಂದ ನಮ್ಮ ಬಚ್ಚಲಿಗೆ ಕೂರಿಸಿದ ಹೊಸ ಬಾಯ್ಲರಿನ ಆವಿ ಪೈಪನ್ನು ನೇರ ಮೇಲಕ್ಕೆ ಬಿಡುವಂತಿರಲಿಲ್ಲ. ಪ್ಲಂಬರನು ಅದನ್ನು ಅಡ್ಡಡ್ಡ ಎಳೆದು, ನಮ್ಮ ಮಲಗುವ ಕೋಣೆಯ ಗೋಡೆಯ ಮೇಲೆ ಮೆರವಣಿಗೆ ಮಾಡಿಸಿ, ಆಚೆ ತುದಿಯಲ್ಲಿ ಹೊರಗೆ ಬಿಟ್ಟ. ಚಳಿಗಾಲದ ಗೋಡೆಗೆ ತಾಗಿ ಆವಿ ನೀರಾಯಿತು. ನೀರು ಜಾಯಿಂಟಿನಲ್ಲಿ ಸೋರಿ ಬಾಣಂತಿಯ ಮಂಚದ ಮೇಲೆ ತೊಟ್ಟಿಕ್ಕಿತು.

ಹೌದು, ಬಾಣಂತಿ. ಶಾಂತಾಳಿಗೆ ತಾಯಿ ಇರಲಿಲ್ಲ. ಹೆರಿಗೆಗೆ ಎಲ್ಲಿ ಕಳಿಸುವುದೆಂದು ನಾನು ಚಿಂತಿಸುತ್ತಿದ್ದಾಗ ಕಮಲಮ್ಮನವರು, "ಎಲ್ಲಿಗ್ಯಾಕೆ? ನಾವೇನು ಸತ್ತೋಗಿದೀವಾ?" ಎಂದು ಗದರಿ ಸೆರಗು ಸಿಕ್ಕಿಸಿ ನಿಂತಿದ್ದರು.

ಸೋರಿಕೆಗೆ ಪ್ಲಂಬರ್ ಮತ್ತೆ ಬಂದ. ದಾರ ಸುತ್ತಿದ, ಪೇಸ್ಟ್ ಮೆತ್ತಿದ. ಸೋರಿತು. ಮತ್ತೊಮ್ಮೆ ಬಂದವನು ಕೋಣೆಯ ಪೈಪನ್ನೇ ಕಿತ್ತು, ಬಾಯ್ಲರಿನ ನೆತ್ತಿಯ ತೂತಿಗೆ ಮುಚ್ಚಳ ತಿರುಗಿಸಿ ಬಿಗಿದ.

"ಪೈಪೇ ಇಲ್ಲ ಅಂದ್ಮೇಲೆ ಸೋರೋದು ಎಲ್ಲಿಂದ ಹೇಳಿ ಸಾರ್?"

ಮಂಚ ಒಣಗಿತು. ನಾವೆಲ್ಲ ಅವನನ್ನು ಹೊಗಳಿದೆವು.

ಮರುದಿನ ಬೆಳಿಗ್ಗೆ ಕಮಲಮ್ಮನವರು ಶಾಂತಾಳನ್ನೂ ಮಗುವನ್ನೂ ಬಚ್ಚಲಿಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಎಣ್ಣೆ ತಿಕ್ಕುವ ಸಮಾರಂಭ ದೀರ್ಘವಾದದ್ದು. ನಲ್ಲಿ ಮುಚ್ಚಿತ್ತು, ಒಲೆಯಲ್ಲಿ ಬೊಡ್ಡೆಗಳು ಧಗಧಗಿಸುತ್ತಿದ್ದವು. ಹೊರಗೆ ಪೇಪರ್ ಓದುತ್ತಿದ್ದ ನನಗೆ ಗೋಡೆಯೊಳಗಿಂದ ಯಾರೋ ಹಲ್ಲು ಕಡಿದಂಥ ಶಬ್ದ ಕೇಳಿಸಿತು. ಆಮೇಲೆ ದಡ್ ದಡ್ ಎಂದು ಗುದ್ದು. ಒಲೆಯ ಮೇಲಿನ ಗಾರೆ ಸಣ್ಣಗೆ ಬಿರಿದು ಪುಡಿ ಉದುರಿತು.

"ಗೌಡ್ರೇ!" ಎಂದು ಕೂಗಿದೆ.

ತಾರಸಿಯಲ್ಲಿ ಕಾಫಿ ತಿರುವುತ್ತಿದ್ದ ಗೌಡ್ರು ಇಳಿದು ಬಂದು ಗೋಡೆಗೆ ಕಿವಿ ಇಟ್ಟರು. ಅವರ ಮುಖದ ಬಣ್ಣ ಹೋಯಿತು. "ಮುಚ್ಚಳ ಹಾಕ್ಬಿಟ್ನಲ್ಲ ಮಾರಾಯ, ಆವಿ ಹೋಗೋದು ಎಲ್ಲಿಂದ?"

ನಾನು ಬಚ್ಚಲ ಬಾಗಿಲು ಬಡಿದೆ.

"ಅಯ್ಯೋ, ಗಂಡಸ್ರಿಗೆ ಇಲ್ಲೇನ್ ಕೆಲ್ಸ? ಆ ಕಡೆ ಹೋಗಿ ಮೇಷ್ಟ್ರೇ!"

"ಹೊರಗೆ ಬರ್ರೀ ಅಮ್ಮಾ, ಬಾಯ್ಲರ್ ಒಡೀತದ!"

"ಮೈ ತುಂಬಾ ಎಣ್ಣೆ ಇದೆ. ಬಾಣಂತೀನ ಗಾಳಿಗೆ ಬಿಡೋಕಾಗುತ್ತಾ? ಬೇಕಾದ್ರೆ ಬಿಸಿನೀರು ಬಿಟ್ಟು ಖಾಲಿ ಮಾಡ್ತೀನಿ."

"ನಲ್ಲಿ ಮುಟ್ಟಬೇಡ!" ಗೌಡ್ರು ಕಿರುಚಿದರು. ಅವರು ಹೆಂಡತಿಯ ಮೇಲೆ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಆವಿ ಮುಖಕ್ಕೆ ಹೊಡೆಯುತ್ತೆ ಕಣೇ! ಕೂಸು ಎತ್ಕೊಂಡು ಬಾ ಹೊರಗೆ!"

ಗೋಡೆ ಮತ್ತೆ ಗುದ್ದಿತು. ಚಿಲಕ ಸರಿದ ಸದ್ದಿಗೆ ನಾನು ಕಾದಷ್ಟು ಯಾವ ದೇವರಿಗೂ ಕಾದಿಲ್ಲ.

ಕಮಲಮ್ಮನವರು ಮಗುವನ್ನು ಸೆರಗಿನೊಳಗೆ ಅವಚಿಕೊಂಡು ಬಂದರು. ಹಿಂದೆ ಸೀರೆ ಸುತ್ತಿಕೊಂಡ ಶಾಂತಾ. ಗೌಡ್ರು ಮುಖ ತಿರುಗಿಸಿ ತಮ್ಮ ಹೆಗಲ ಕಂಬಳಿ ಎಸೆದರು. ಹೆಂಗಸರು ಗೌಡ್ರ ದೊಡ್ಡಮನೆ ಸೇರಿದ ಮೇಲೆ ನಾವಿಬ್ಬರೂ ಉರಿಯುವ ಬೊಡ್ಡೆಗಳನ್ನು ಕೋಲಿನಿಂದ ಹೊರಗೆಳೆದು ದೂರ ಓಡಿದೆವು. ಇತಿಹಾಸದ ಮೇಷ್ಟ್ರೂ ಕಾಫಿ ಬೆಳೆಗಾರರೂ ಸಗಣಿ ಗುಂಡಿಯ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಒಂದು ಬಚ್ಚಲನ್ನು ದಿಟ್ಟಿಸುತ್ತಿದ್ದ ದೃಶ್ಯವನ್ನು ನೀವೇ ಊಹಿಸಿಕೊಳ್ಳಿ. ಗುದ್ದು ನಿಧಾನವಾಯಿತು. ಗೊರಕೆಯಾಯಿತು. ಕೊನೆಗೆ ನಿಂತಿತು.

ಗೌಡ್ರು ತಾರಸಿ ಹತ್ತಿದರು. ಬೀಜವನ್ನೆಲ್ಲ ಬಳಿದು ಚೀಲಕ್ಕೆ ತುಂಬಿ, ತಾವೇ ಚಾಣ ಸುತ್ತಿಗೆ ಹಿಡಿದು ಹೊಸ ಆರ್‌ಸಿಸಿಗೆ ತೂತು ಕೊರೆಯಲು ಕೂತರು. "ಕಾಫಿ ಕಣದಲ್ಲಿ ಒಣಗ್ಲಿ ಬಿಡಿ" ಎಂದರು, ನನ್ನ ಮುಖ ನೋಡದೆ. ಪೈಪು ನೆಟ್ಟಗೆ ಆಕಾಶ ನೋಡಿತು.

ಆ ಸಂಜೆ ನಾನು ಶಾಂತಾಳಿಗೆ, "ನಡಿ, ಬಾಗಲಕೋಟಿಗೆ ಅಕ್ಕನ ಮನೀಗೆ ಬಿಟ್ಟು ಬರ್ತೀನಿ. ಈ ಊರು ನಮಗ ಬ್ಯಾಡ" ಎಂದೆ.

ಅವಳು ಮಗುವಿನ ಕುಲಾವಿ ಸರಿಮಾಡುತ್ತ, "ಬಾಣಂತನ ಮುಗಿಯೂದರಾಗ ತವರು ಬಿಟ್ಟು ಹೆಂಗ ಬರಲ್ರೀ?" ಎಂದಳು.

ತವರು! ಅಂದಿನಿಂದ ನನ್ನ ಸ್ಥಾನಮಾನ ಗೊಂದಲಕ್ಕೆ ಬಿದ್ದಿದೆ. ಬಾಡಿಗೆ ಕೊಟ್ಟು ಮಾವನ ಮನೆಯಲ್ಲಿರುವ ಅಳಿಯ ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ರಜೆಗೆ ನಮ್ಮ ಬಾಗಲಕೋಟೆ ಕಡೆ ಹೋದಾಗ ತಂಬಿಗೆ ನೀರು ಮೈಮೇಲೆ ಬಿದ್ದರೆ ಇಷ್ಟೇನಾ ಅನ್ನಿಸುತ್ತದೆ, ಯಾರಿಗೂ ಹೇಳುವುದಿಲ್ಲ. ಇಲ್ಲಿಗೆ ಮರಳಿ ಬಿಸಿನೀರಿನ ಕೆಳಗೆ ಕೂತರೆ ಗೋಡೆಯ ಕಡೆಗೇ ಕಿವಿ. ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಹೀಗೆ, ಪ್ರಿಯ ಓದುಗರೇ, ಎರಡೂ ಊರುಗಳಲ್ಲಿ ನೆಮ್ಮದಿಯಿಂದ ಸ್ನಾನ ಮಾಡುವ ಯೋಗ ನನ್ನ ಪಾಲಿಗೆ ತಪ್ಪಿಹೋಗಿದೆ.